ಮಾರ್ಕ್ ಟ್ವೇನನಲ್ಲಿ ಹಾಸ್ಯವೂ ಋಣವೂ

ಹಾಸ್ಯವನ್ನು ಲಘುವಾದ ರಸವೆಂದು ಎಣಿಸುವುದು ನಮ್ಮಲ್ಲಿ ರೂಢಿಯಾಗಿದೆ. ಭರತಮುನಿಯು ಅದನ್ನು ಶೃಂಗಾರದಿಂದ ಹುಟ್ಟುವ ರಸವೆಂದು ಕರೆದು, ಸ್ಮಿತದಿಂದ ಅತಿಹಸಿತದವರೆಗೆ ಆರು ಭೇದಗಳನ್ನು ಮಾಡಿ, ಕೊನೆಯ ಎರಡನ್ನು ಅಧಮ ಪ್ರಕೃತಿಯವರಿಗೆ ಬಿಟ್ಟುಕೊಟ್ಟನು. ಆದರೆ ಅಮೆರಿಕದ ಹಾಸ್ಯಲೇಖಕ ಮಾರ್ಕ್ ಟ್ವೇನನನ್ನು ಓದುವಾಗ ಈ ವಂಶಾವಳಿ ಸಾಲದೆಂದು ತೋರುತ್ತದೆ. ಅವನ ನಗೆಯ ತಾಯಿಬೇರು ಶೃಂಗಾರದಲ್ಲಿಲ್ಲ, ಕರುಣದಲ್ಲಿದೆ. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ತೀರಿಸಲಾಗದ ಋಣದ ಅರಿವಿನಲ್ಲಿದೆ. ಸಾಲದ ಲೆಕ್ಕಗಳ ನಡುವೆಯೇ ದಿನ ಕಳೆಯುವ ನನ್ನಂಥವನಿಗೆ ಈ ಮಾತು ಬೇಗ ಹೊಳೆದುದರಲ್ಲಿ ಆಶ್ಚರ್ಯವಿಲ್ಲ. ಅದು ವೃತ್ತಿದೋಷವೋ ಅಲ್ಲವೋ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಸ್ಯಾಮ್ಯುಯೆಲ್ ಕ್ಲೆಮೆನ್ಸನು ಹುಟ್ಟಿದ್ದು ೧೮೩೫ರಲ್ಲಿ, ಮಿಸೌರಿ ಸಂಸ್ಥಾನದಲ್ಲಿ. ಬೆಳೆದದ್ದು ಮಿಸಿಸಿಪಿ ನದಿಯ ದಡದ ಹ್ಯಾನಿಬಲ್ ಎಂಬ ಊರಿನಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡನು. ಮನೆಯಲ್ಲಿ ಬಡತನ, ಹುಡುಗ ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಕುಳಿತನು. ಮುಂದೆ ನದಿಯ ಹಡಗುಗಳಿಗೆ ದಾರಿ ತೋರುವ ಚಾಲಕನಾದನು. ಎರಡು ಮಾರು, ಎಂದರೆ ಹನ್ನೆರಡು ಅಡಿ ಆಳದ ನೀರಿದೆಯೆಂದು ಸಾರುವ ನಾವಿಕರ ಕೂಗೇ ೧೮೬೩ರಲ್ಲಿ ಅವನ ಕಾವ್ಯನಾಮವಾಯಿತು. ಆದರೆ ಅದೇ ನದಿ ಅವನಿಗೆ ಮೊದಲನೆಯ ಋಣವನ್ನೂ ಹೊರಿಸಿತ್ತು. ೧೮೫೮ರಲ್ಲಿ ‘ಪೆನ್ಸಿಲ್ವೇನಿಯ’ ಎಂಬ ಹಡಗಿನ ಆವಿಪಾತ್ರೆ ಸಿಡಿದು ತಮ್ಮ ಹೆನ್ರಿ ಸತ್ತನು. ಆ ಹಡಗಿನಲ್ಲಿ ತಮ್ಮನಿಗೆ ಕೆಲಸ ಕೊಡಿಸಿದವನು ತಾನೇ ಎಂಬ ಕೊರಗು ಅಣ್ಣನನ್ನು ಕೊನೆಯವರೆಗೂ ಬಿಡಲಿಲ್ಲ.

ಹಾಸ್ಯದ ಕತೆಯನ್ನು ಹೇಗೆ ಹೇಳಬೇಕೆಂಬುದನ್ನು ಕುರಿತು ೧೮೯೫ರಲ್ಲಿ ಅವನೊಂದು ಪ್ರಬಂಧ ಬರೆದನು. ಹೇಳುವವನು ಗಂಭೀರವಾಗಿರಬೇಕು, ತನ್ನ ಮಾತಿನಲ್ಲಿ ನಗುವಂಥದೇನಾದರೂ ಇದೆಯೆಂಬ ಸಂದೇಹವೂ ತನಗಿಲ್ಲದಂತೆ ಇರಬೇಕು ಎಂಬುದು ಅದರ ಸಾರ. ನಮ್ಮ ಪರಿಭಾಷೆಯಲ್ಲಿ ಇದು ಶುದ್ಧ ಪರಸ್ಥ ಹಾಸ್ಯ: ನಗಿಸುವವನು ತಾನು ನಗುವುದಿಲ್ಲ. ಇದನ್ನು ವೇದಿಕೆಯ ಉಪಾಯವೆಂದಷ್ಟೇ ತಿಳಿದರೆ ಸಾಲದು. ಅವನ ಮೇರುಕೃತಿಯಾದ ‘ಹಕಲ್‌ಬರಿ ಫಿನ್’ (ಇಂಗ್ಲೆಂಡಿನಲ್ಲಿ ೧೮೮೪, ಅಮೆರಿಕದಲ್ಲಿ ೧೮೮೫) ನಿಂತಿರುವುದೇ ಈ ತತ್ತ್ವದ ಮೇಲೆ. ಕತೆ ಹೇಳುವ ಹುಡುಗ ಹಕ್‌ನಿಗೆ ತಾನು ನಗಿಸುತ್ತಿದ್ದೇನೆಂಬ ಅರಿವಿಲ್ಲ. ಅದಕ್ಕಿಂತ ಮಿಗಿಲಾಗಿ, ತಾನು ಧರ್ಮವನ್ನು ಪಾಲಿಸುತ್ತಿದ್ದೇನೆಂಬ ಅರಿವೂ ಇಲ್ಲ. ಗುಲಾಮ ಜಿಮ್‌ನನ್ನು ಒಡತಿಗೆ ಹಿಡಿದುಕೊಡದಿರುವುದು ಪಾಪವೆಂದೇ ಅವನು ನಂಬಿದ್ದಾನೆ. ನರಕಕ್ಕಾದರೂ ಸರಿಯೆಂದು ಆ ಪಾಪವನ್ನು ಮಾಡುತ್ತಾನೆ.

ಈ ಕಾದಂಬರಿಯನ್ನು ಲೆಕ್ಕಿಗನ ಕಣ್ಣಿನಿಂದ ಓದುವುದು ವಿಹಿತವೇ ಎಂದು ಯಾರಾದರೂ ಕೇಳಬಹುದು. ಕಾದಂಬರಿಯೇ ಅದಕ್ಕೆ ಆಸ್ಪದ ಕೊಟ್ಟಿದೆ. ಹಕ್‌ನ ಪಾಲಿನ ೬,೦೦೦ ಡಾಲರನ್ನು ನ್ಯಾಯಾಧೀಶನು ಬಡ್ಡಿಗೆ ಹಾಕಿದ್ದಾನೆ. ದಿನಕ್ಕೊಂದು ಡಾಲರು ಬರುತ್ತದೆ, ಎಂದರೆ ಸುಮಾರು ಶೇಕಡ ೬. ಜಿಮ್ ಓಡಿಹೋಗುವುದು ತನ್ನ ಬೆಲೆ ೮೦೦ ಡಾಲರೆಂಬ ಮಾತು ಕಿವಿಗೆ ಬಿದ್ದ ರಾತ್ರಿ. ಮುಂದೆ ವಂಚಕನೊಬ್ಬ ಅವನನ್ನು ೪೦ ಡಾಲರಿಗೆ ಮಾರಿಬಿಡುತ್ತಾನೆ. ಕೊನೆಯಲ್ಲಿ ಟಾಮ್ ಸಾಯರನು, ಒಡತಿಯ ಮರಣಪತ್ರದಿಂದ ಜಿಮ್ ಆಗಲೇ ಸ್ವತಂತ್ರನಾಗಿರುವುದನ್ನು ತಿಳಿದೂ ಮುಚ್ಚಿಟ್ಟು, ಬಿಡುಗಡೆಯ ಆಟವಾಡಿ, ಸಹಿಸಿಕೊಂಡದ್ದಕ್ಕೆ ೪೦ ಡಾಲರನ್ನು ಕೈಗಿಡುತ್ತಾನೆ. ಜಿಮ್ ಹಿಗ್ಗುತ್ತಾನೆ. ಮಾರಿದ ಬೆಲೆಯೂ ಪರಿಹಾರದ ಬೆಲೆಯೂ ಒಂದೇ ಮೊತ್ತವಾದುದು ಆಕಸ್ಮಿಕವೆಂದು ನಾನು ನಂಬಲಾರೆ.

ಈ ಕೊನೆಯ ಅಧ್ಯಾಯಗಳನ್ನು ವಿಮರ್ಶಕರು ಬಹುಕಾಲದಿಂದ ಆಕ್ಷೇಪಿಸುತ್ತ ಬಂದಿದ್ದಾರೆ. ಆಕ್ಷೇಪ ನ್ಯಾಯವಾದುದೇ. ನದಿಯ ಮೇಲೆ ಮನುಷ್ಯನಾಗಿ ಬೆಳೆದ ಜಿಮ್ ಇಲ್ಲಿ ಮತ್ತೆ ಹುಡುಗರ ಆಟಿಕೆಯಾಗುತ್ತಾನೆ. ಹಾಸ್ಯ ಅತಿಯಾಗಿ ಅತಿಹಸಿತಕ್ಕಿಳಿಯುತ್ತದೆ. ಆದರೆ ಆ ೪೦ ಡಾಲರು ಇಡೀ ಲೆಕ್ಕವನ್ನು ಮತ್ತೆ ತೆರೆಯುತ್ತದೆ. ಗುಲಾಮಗಿರಿ ಕಾನೂನಿನಲ್ಲಿ ಅಳಿದು ಇಪ್ಪತ್ತು ವರ್ಷವಾಗುವ ಹೊತ್ತಿಗೆ ಬಂದ ಈ ಪುಸ್ತಕ, ಬಿಡುಗಡೆಯಾದವನಿಗೆ ಸಂದದ್ದೆಷ್ಟು ಎಂದು ಕೇಳುತ್ತದೆ, ನಗದೆ ಕೇಳುತ್ತದೆ.

ಇನ್ನು ಲೇಖಕನ ಸ್ವಂತ ಲೆಕ್ಕ. ಟ್ವೇನನು ಪ್ರಕಾಶನ ಸಂಸ್ಥೆಯೊಂದನ್ನು ನಡೆಸಿದನು. ಜನರಲ್ ಗ್ರಾಂಟನ ಆತ್ಮಕಥೆಯಿಂದ ಅದಕ್ಕೆ ಅಪಾರ ಲಾಭವೂ ಬಂದಿತು. ಆದರೆ ಪೇಜ್ ಎಂಬವನ ಅಚ್ಚುಮೊಳೆ ಜೋಡಿಸುವ ಯಂತ್ರಕ್ಕೆ ವರ್ಷಗಟ್ಟಲೆ ಹಣ ಸುರಿದನು. ಬಾಲ್ಯದಲ್ಲಿ ಕೈಯಿಂದ ಮೊಳೆ ಜೋಡಿಸಿದವನಿಗೆ ಆ ಯಂತ್ರದ ಮೇಲೆ ಮೋಹ ಹುಟ್ಟಿದುದು ಸಹಜ. ಅದು ಕೆಲಸಕ್ಕೆ ಬಾರದೆ ಹೋಯಿತು. ೧೮೯೪ರ ಏಪ್ರಿಲಿನಲ್ಲಿ ಪ್ರಕಾಶನವೂ ದಿವಾಳಿಯಾಯಿತು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಹೆನ್ರಿ ರೋಜರ್ಸನು ನಡುವೆ ಬಂದು, ಗ್ರಂಥಸ್ವಾಮ್ಯವನ್ನು ಪತ್ನಿ ಒಲಿವಿಯಾಳ ಹೆಸರಿಗೆ ಮಾಡಿಸಿ ಸಾಲಗಾರರಿಂದ ಕಾಪಾಡಿದನು. ಕೀರ್ತಿಯ ಕತೆಗಳು ಈ ಭಾಗವನ್ನು ಬೇಗ ದಾಟಿಬಿಡುತ್ತವೆ. ನಮ್ಮ ವೃತ್ತಿಯವರು ಹಾಗೆ ದಾಟಲಾರರು. ಆದರೂ ಪೂರ್ತಿ ಹಣ ತೀರಿಸುವ ನಿರ್ಬಂಧ ಕಾನೂನಿನಲ್ಲಿಲ್ಲದಿದ್ದಾಗ, ಅರುವತ್ತನ್ನು ಸಮೀಪಿಸಿದ್ದ ಮನುಷ್ಯ ೧೮೯೫ರ ಜುಲೈಯಲ್ಲಿ ಉಪನ್ಯಾಸ ಮಾಡುತ್ತ ಭೂಮಂಡಲ ಸುತ್ತಲು ಹೊರಟನೆಂಬುದೂ ನಿಜ. ೧೮೯೮ರಲ್ಲಿ ಸಾಲ ಪೂರ್ತಿಯಾಗಿ ತೀರಿತು.

ಆ ಯಾತ್ರೆಯೇ ಅವನನ್ನು ೧೮೯೬ರ ಜನವರಿಯಲ್ಲಿ ನಮ್ಮ ಈ ಮುಂಬಯಿಗೆ ತಂದಿತು. ಕಾಳಾಘೋಡಾದ ವಾಟ್ಸನ್ ಹೋಟೆಲಿನಲ್ಲಿ ಅವನು ಇಳಿದುಕೊಂಡನು. ೧೮೯೭ರ ‘ಫಾಲೋಯಿಂಗ್ ದಿ ಈಕ್ವೇಟರ್’ ಎಂಬ ಪ್ರವಾಸಗ್ರಂಥದಲ್ಲಿ ಇಲ್ಲಿಯ ಕಾಗೆಗಳ ವರ್ಣನೆ ಪ್ರಸಿದ್ಧವಾಗಿದೆ. ಆದರೆ ನಿಜವಾಗಿ ನೆನಪಿನಲ್ಲಿಡಬೇಕಾದ ಪುಟ ಬೇರೆ. ಕೋಣೆಯನ್ನು ಅಣಿಮಾಡಿಸುತ್ತಿದ್ದ ಜರ್ಮನನೊಬ್ಬ, ತಪ್ಪೇನೆಂದು ಹೇಳುವ ಮೊದಲೇ ಇಲ್ಲಿಯ ಆಳಿನ ದವಡೆಗೆ ಹೊಡೆದನು. ಆಳು ಮೌನವಾಗಿ ಸಹಿಸಿದನು. ತಟ್ಟನೆ ಟ್ವೇನನಿಗೆ ಹ್ಯಾನಿಬಲ್ ನೆನಪಾಯಿತು: ಸಾಧುವಾದ ತನ್ನ ತಂದೆಯೂ ಸಣ್ಣ ತಪ್ಪಿಗೆ ಗುಲಾಮ ಹುಡುಗನನ್ನು ಹೊಡೆಯುತ್ತಿದ್ದುದು, ಕೆಲಸದಲ್ಲಿ ಎಡವಿದ ಗುಲಾಮನೊಬ್ಬನನ್ನು ಒಡೆಯನು ಕಬ್ಬಿಣದ ಅದಿರಿನ ಗಟ್ಟಿಯಿಂದ ಹೊಡೆದು ಕೊಂದುದು. ಸಾಲಗಾರರ ಋಣ ತೀರಿಸಲು ಬಂದವನಿಗೆ ಯಾವ ಲೆಕ್ಕದಲ್ಲೂ ಬರೆಯದಿದ್ದ ಋಣ ಮುಂಬಯಿಯಲ್ಲಿ ಎದುರಾಯಿತು. ಹಾಸ್ಯಗಾರನು ಇಲ್ಲಿ ನಗಿಸುವುದಿಲ್ಲ.

ಈ ಗ್ರಂಥವನ್ನು ಪೂರ್ತಿಯಾಗಿ ಹೊಗಳಲಾಗದು. ಅನ್ಯರ ಪುಸ್ತಕಗಳಿಂದ ಎತ್ತಿಕೊಂಡ ಉದ್ದುದ್ದ ಭಾಗಗಳಿಂದ ಅದು ಊದಿಕೊಂಡಿದೆ; ಸಾಲಕ್ಕಾಗಿ ಬರೆದ ಬರಹದ ದಣಿವು ಅದರಲ್ಲಿ ಕಾಣುತ್ತದೆ. ಆಳಿಗೆ ಬಿದ್ದ ಪೆಟ್ಟಿಗೆ ನೊಂದ ಲೇಖಕನೇ ತನ್ನ ಸೇವಕನ ಹೆಸರನ್ನು ಬದಿಗಿಟ್ಟು ‘ಸೈತಾನ’ನೆಂದು ಕರೆದು ನಗಿಸುತ್ತಾನೆ. ಆ ನಗೆ ನಮಗೆ ಹಿಡಿಸದು, ಹಿಡಿಸಬೇಕಾಗಿಯೂ ಇಲ್ಲ. ಆದರೆ ಇದನ್ನು ಬರೆಯುವ ಮೊದಲು, ೧೮೯೬ರ ಆಗಸ್ಟಿನಲ್ಲಿ, ಹಿರಿಯ ಮಗಳು ಸೂಸಿ ಹಾರ್ಟ್‌ಫರ್ಡಿನ ಮನೆಯಲ್ಲಿ ತೀರಿಕೊಂಡಿದ್ದಳು. ತಂದೆ ಆಗ ಇಂಗ್ಲೆಂಡಿನಲ್ಲಿದ್ದನು. ಹಣದ ಋಣವನ್ನು ತೀರಿಸಲು ಹೋದ ಅವಧಿಯಲ್ಲಿಯೇ ಈ ಮತ್ತೊಂದು ಋಣ ಬೆಳೆಯಿತು.

೧೯೦೧ರಲ್ಲಿ ಸಾಮ್ರಾಜ್ಯಷಾಹಿಯನ್ನು ಕಟುವಾಗಿ ವಿಡಂಬಿಸಿ ಅವನು ಬರೆದ ಲೇಖನವನ್ನು ಈ ಮುಂಬಯಿಯ ಪುಟದೊಡನೆ ಇಟ್ಟು ಓದಬೇಕು. ೧೯೧೦ರಲ್ಲಿ ಅವನು ತೀರಿಕೊಂಡನು. ವಿದೂಷಕನೆಂದು ಲೋಕ ಕರೆದವನಲ್ಲಿ ನನಗೆ ಕಾಣುವವನು ನಿಷ್ಠುರನಾದ ಲೆಕ್ಕಿಗ. ವಸೂಲಾಗದ ಸಾಲವನ್ನು ಬ್ಯಾಂಕು ಪುಸ್ತಕದಿಂದ ತೊಡೆದುಹಾಕಬಹುದು. ಸಾಹಿತ್ಯಕ್ಕೆ ಆ ಅಧಿಕಾರವಿಲ್ಲ. ಹಾಸ್ಯವನ್ನು ಲಘುರಸವೆನ್ನುವ ಮೊದಲು ನಾವು ಈ ವ್ಯತ್ಯಾಸವನ್ನು ನೆನೆಯುವುದು ಒಳಿತು.