ಅಂತರಂಗದ ನೀತಿಯೂ ಸಹೋದರಸಂಧಾನವೂ: ಮತ್ತಾಯನ ಐದನೆಯ ಅಧ್ಯಾಯಕ್ಕೆ ಕಾರವಾರ-ಅಂಕೋಲೆಗಳ ಎರಡು ಸಾಕ್ಷ್ಯಗಳು

೧

ಕ್ರೈಸ್ತಧರ್ಮದ ನೀತಿಬೋಧೆಯನ್ನು ವಿಚಾರಿಸುವವರು ಮೊದಲು ತೆರೆದು ನೋಡುವುದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವನ್ನು. ಪರ್ವತಪ್ರಸಂಗವೆಂದು ಹೆಸರಾದ ಉಪದೇಶದ ಈ ಭಾಗದಲ್ಲಿ ಪ್ರಾಚೀನ ವಿಧಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳ ಉಲ್ಲಂಘನೆಯ ಮೂಲವನ್ನು ಮನುಷ್ಯನ ಹೃದಯದಲ್ಲಿ ಹುಡುಕಲಾಗಿದೆ. ಕೊಲೆಯ ನಿಷೇಧವು ಕೋಪದವರೆಗೂ, ವ್ಯಭಿಚಾರದ ನಿಷೇಧವು ದೃಷ್ಟಿಯವರೆಗೂ ಚಾಚುತ್ತದೆ. ಶಾಸ್ತ್ರಿಗಳೂ ಫರಿಸಾಯರೂ ಆಚರಿಸುತ್ತಿದ್ದ ನೀತಿಯನ್ನು ಮೀರಿದ ನೀತಿಯೊಂದು ಬೇಕೆಂಬುದು ಇದರ ಪೀಠಿಕೆ.

ಈ ಬೋಧೆ ಕನ್ನಡ ವಾಚಕನಿಗೆ ಅಪರಿಚಿತವೆಂದು ತೋರುವುದಿಲ್ಲ. ಕಾಮ, ಕ್ರೋಧಗಳನ್ನು ಅರಿಷಡ್ವರ್ಗದ ಮೊದಲಿಗರೆಂದು ಎಣಿಸುವುದು ಅವನಿಗೆ ಬಾಲ್ಯದಿಂದ ಬಂದ ಪಾಠ. ಕಾಮದಿಂದ ಕ್ರೋಧವು ಹುಟ್ಟುವ ಕ್ರಮವನ್ನು ಭಗವದ್ಗೀತೆಯ ಎರಡನೆಯ ಅಧ್ಯಾಯ ನಿರೂಪಿಸಿದೆ. ಅಂತರಂಗವು ಶುದ್ಧವಾಗದ ಬಹಿರಂಗದ ಆಚಾರವನ್ನು ಶಿವಶರಣರೂ ಹರಿದಾಸರೂ ಖಂಡಿಸಿದ್ದಾರೆ. ಆದುದರಿಂದ ಪರ್ವತಪ್ರಸಂಗವನ್ನು ಓದಿದವನು, ಇದೂ ಇಂದ್ರಿಯನಿಗ್ರಹದ ಉಪದೇಶವೇ ಎಂದು ತಿಳಿದು ಪುಟವನ್ನು ಮಗುಚುವುದು ಸಹಜ. ಈ ಸೌಲಭ್ಯವೇ ಒಂದು ತೊಡಕು. ಅರಿಷಡ್ವರ್ಗದ ಜಯದಲ್ಲಿ ಶತ್ರುವೂ ಒಳಗಿನವನೇ, ಯೋಧನೂ ಒಳಗಿನವನೇ. ಯುದ್ಧವು ಮುಗಿಯುವುದೂ ಒಳಗೆಯೇ. ಮತ್ತಾಯನ ಅಧ್ಯಾಯದಲ್ಲಾದರೋ ವಿಚಾರಣೆ ಒಳಗೆ ಆರಂಭವಾಗುತ್ತದೆ, ತೀರ್ಪು ಹೊರಗೆ ಆಗುತ್ತದೆ. ಎದುರಿಗೆ ಇನ್ನೊಬ್ಬನು ನಿಂತಿದ್ದಾನೆ. ಅವನೊಡನೆ ಲೆಕ್ಕವು ತೀರದ ಹೊರತು ಹೃದಯಶುದ್ಧಿಯು ಪೂರ್ಣವಾಗದು. ಈ ಎರಡನೆಯ ಅರ್ಧವನ್ನು ಬಿಟ್ಟು ಓದುವ ರೂಢಿಯು ಬೋಧೆಯನ್ನು ಅರ್ಧಕ್ಕೆ ತರುತ್ತದೆ ಎಂಬುದನ್ನು ಮೊದಲು ಮೂಲದ ಶಬ್ದಗಳಿಂದಲೂ, ಬಳಿಕ ಉತ್ತರ ಕನ್ನಡದ ಎರಡು ಸ್ಥಳಗಳಿಂದಲೂ ಪರಿಶೀಲಿಸುವುದು ಉಚಿತ. ಕಾರವಾರದಲ್ಲಿ ರಚಿತವಾದ ಒಂದು ನಾಟಕವೂ, ಅಂಕೋಲೆಯಲ್ಲಿ ನಡೆದ ಒಂದು ಚಳವಳಿಯೂ ಈ ವಿಚಾರಕ್ಕೆ ಎರಡು ಸಾಕ್ಷ್ಯಗಳನ್ನು ಒದಗಿಸುತ್ತವೆ.

೨

ಬೈಬಲ್ ಗ್ರಂಥವನ್ನು ಕನ್ನಡಕ್ಕೆ ತರುವ ಕಾರ್ಯವು ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಮೇಲೆ ಆರಂಭವಾಯಿತು. ೧೮೩೧ರ ಹೊತ್ತಿಗೆ ಸಂಪೂರ್ಣ ಗ್ರಂಥವು ಮುದ್ರಿತವಾಗಿತ್ತು. ಬಳಿಕ ಬಾಸೆಲ್ ಮಿಶನ್ನಿನ ಪಂಡಿತರೂ ಸೇರಿ ಭಾಷಾಂತರವು ಪರಿಷ್ಕೃತವಾಯಿತು. ಇಂದು ರೂಢಿಯಲ್ಲಿರುವ ಹಳೆಯ ಕನ್ನಡ ಭಾಷಾಂತರದಲ್ಲಿ ಪ್ರಕೃತ ಭಾಗದ ಮುಖ್ಯ ಶಬ್ದಗಳು ನಾಲ್ಕು: ನೀತಿ, ಸಿಟ್ಟು, ಮೋಹ, ಒಂದಾಗುವುದು.

‘ನೀತಿ’ ಎಂಬುದು ಗ್ರೀಕ್ ಮೂಲದ ‘ದಿಕಾಯೊಸೂನೆ’ ಎಂಬುದಕ್ಕೆ ಪ್ರತಿಪದ. ಕನ್ನಡದಲ್ಲಿ ನೀತಿಯೆಂದರೆ ಸನ್ನಡತೆಯೂ ಹೌದು, ಸುಭಾಷಿತವೂ ಹೌದು, ರಾಜತಂತ್ರವೂ ಹೌದು. ಗ್ರೀಕ್ ಶಬ್ದದಲ್ಲಿ ನ್ಯಾಯದ ಅರ್ಥವು ಪ್ರಬಲ. ಅದರ ಹಿಂದಿರುವ ಹೀಬ್ರೂ ಕಲ್ಪನೆಯಲ್ಲಿ, ಒಡಂಬಡಿಕೆಯಿಂದ ಕಟ್ಟಲ್ಪಟ್ಟವರು ಪರಸ್ಪರ ಸಲ್ಲಿಸಬೇಕಾದುದನ್ನು ಸಲ್ಲಿಸುವುದೆಂಬ ಭಾವವಿದೆ. ಒಬ್ಬಂಟಿಗನ ಗುಣವಾಗಿ ಅದು ನಿಲ್ಲಲಾರದು.

ಕೋಪದ ವಾಕ್ಯದಲ್ಲಿ ಪಾಠಭೇದವೊಂದು ವಿಚಾರಾರ್ಹವಾಗಿದೆ. ಉತ್ತರಕಾಲದ ಬಹುಸಂಖ್ಯೆಯ ಪ್ರತಿಗಳಲ್ಲಿ ‘ನಿಷ್ಕಾರಣವಾಗಿ’ ಎಂಬರ್ಥದ ಪದವು ಸೇರಿದೆ. ೧೬೧೧ರ ಇಂಗ್ಲಿಷ್ ಭಾಷಾಂತರವು ಅದನ್ನೇ ಅನುಸರಿಸಿತು. ನಾಲ್ಕನೆಯ ಶತಮಾನದ ವ್ಯಾಟಿಕನ್ ಪ್ರತಿಯಲ್ಲಿ ಆ ಪದವಿಲ್ಲ. ೧೮೮೧ರ ಪರಿಷ್ಕೃತ ಇಂಗ್ಲಿಷ್ ಭಾಷಾಂತರವು ಅದನ್ನು ಮೂಲದಿಂದ ತೆಗೆದು ಅಂಚಿಗೆ ಸರಿಸಿತು. ಪದವು ಹೇಗೆ ಸೇರಿತೆಂಬುದನ್ನು ಊಹಿಸುವುದು ಕಠಿನವಲ್ಲ. ತನ್ನ ಕೋಪಕ್ಕೆ ಕಾರಣವಿಲ್ಲವೆಂದು ಒಪ್ಪುವ ಮನುಷ್ಯನು ವಿರಳ. ಆ ಒಂದು ಪದವು ಉಳಿದರೆ ಇಡೀ ವಿಧಿಯಿಂದ ತಪ್ಪಿಸಿಕೊಳ್ಳಲು ಪ್ರತಿಯೊಬ್ಬನಿಗೂ ಬಾಗಿಲು ತೆರೆದಿರುತ್ತದೆ. ಪ್ರಾಚೀನ ಪಾಠದಲ್ಲಿ ಆ ಬಾಗಿಲಿಲ್ಲ. ಅಲ್ಲದೆ ಅಲ್ಲಿ ನಿಷಿದ್ಧವಾದ ಕೋಪವು ‘ಸಹೋದರನ’ ಮೇಲಿನದು. ಅದಕ್ಕೆ ಉದಾಹರಣೆಯಾಗಿ ಬರುವುದು ಇನ್ನೊಬ್ಬನನ್ನು ಬುದ್ಧಿಹೀನನೆಂದು ಹಳಿಯುವ ಬೈಗುಳು. ಕುದಿಯುವ ಮನಸ್ಸಿಗಿಂತಲೂ ಹೀನೈಸಲ್ಪಟ್ಟ ಮನುಷ್ಯನ ಮೇಲೆ ಉಪದೇಶಕನ ದೃಷ್ಟಿ ನೆಟ್ಟಿದೆ.

ಮೂರನೆಯದು ‘ಮೋಹ’. ಮೂಲದಲ್ಲಿರುವ ‘ಎಪಿಥುಮೆಯೋ’ ಎಂಬ ಧಾತುವು, ದಶಾಜ್ಞೆಗಳ ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿ ನೆರೆಯವನ ಹೆಂಡತಿ, ಮನೆ, ಹೊಲ, ಎತ್ತುಗಳನ್ನು ಆಶಿಸಬಾರದೆಂಬ ಹತ್ತನೆಯ ಆಜ್ಞೆಯಲ್ಲಿ ಬಳಕೆಯಾದ ಧಾತುವೇ ಆಗಿದೆ. ವಾಕ್ಯರಚನೆಯೂ ಗಮನಾರ್ಹ: ಕಣ್ಣಿಗೆ ಬಿದ್ದುದನ್ನು ಕಂಡವನಲ್ಲ, ಆಶಿಸುವ ಉದ್ದೇಶದಿಂದ ನೋಡುವವನು ಅಲ್ಲಿ ದೋಷಿ. ಮೋಹವೆಂಬ ಕನ್ನಡ ಶಬ್ದವು ಚಿತ್ತಭ್ರಮೆಯನ್ನು ಸೂಚಿಸಿ, ದೋಷವನ್ನು ನೋಡುವವನ ಮನಸ್ಸಿನಲ್ಲಿಯೇ ಮುಗಿಸಿಬಿಡುತ್ತದೆ. ಹತ್ತನೆಯ ಆಜ್ಞೆಯ ಕನ್ನಡದಲ್ಲಿ ಬಂದಿರುವ ‘ಆಶಿಸು’ ಎಂಬುದೇ ಇಲ್ಲಿಯೂ ಬಂದಿದ್ದರೆ, ಕಾಮವೂ ಪರಸ್ವದ ಆಸೆಯೂ ಒಂದೇ ಬೇರಿನವೆಂಬುದು ವಾಚಕನಿಗೆ ಸ್ಪಷ್ಟವಾಗುತ್ತಿತ್ತು.

ನಾಲ್ಕನೆಯ ಶಬ್ದದಲ್ಲಿ ಭಾಷಾಂತರಕಾರರು ಜಯಶೀಲರಾಗಿದ್ದಾರೆ. ಯಜ್ಞವೇದಿಯ ಮುಂದೆ ಕಾಣಿಕೆಯೊಡನೆ ನಿಂತವನಿಗೆ ಸಹೋದರನ ಮನಸ್ತಾಪವು ನೆನಪಾದರೆ ಅವನು ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ‘ಒಂದಾಗ’ಬೇಕು. ಕ್ಷಮಿಸು, ಶಾಂತನಾಗು ಮುಂತಾದ ಏಕಪಕ್ಷದ ಕ್ರಿಯೆಗಳಿಂದ ಈ ಅರ್ಥವು ಸಿದ್ಧಿಸುತ್ತಿರಲಿಲ್ಲ. ಒಂದಾಗುವುದಕ್ಕೆ ಇಬ್ಬರು ಬೇಕು. ಕೇಳುತ್ತಿದ್ದವರು ಗಲಿಲಾಯದವರು, ವೇದಿಯಿದ್ದುದು ಯೆರೂಸಲೇಮಿನಲ್ಲಿ, ಹಲವು ದಿನಗಳ ಕಾಲ್ನಡಿಗೆಯ ದೂರದಲ್ಲಿ. ಪೂಜೆಯನ್ನು ನಡುವೆ ನಿಲ್ಲಿಸಿ ಅಷ್ಟು ದೂರ ಹಿಂದಿರುಗಬೇಕೆಂಬ ವಿಧಿಯ ಭಾರವು ಇದರಿಂದ ವಿದಿತವಾಗುವುದು. ಇದರ ಬೆನ್ನಲ್ಲೇ ಬರುವ ಮಾತು ತ್ವರೆಯನ್ನು ಕುರಿತದ್ದು: ಪ್ರತಿವಾದಿಯೊಡನೆ ದಾರಿಯಲ್ಲಿರುವಾಗಲೇ ಸಂಧಾನವಾಗಬೇಕು, ನ್ಯಾಯಾಧಿಪತಿಯ ಮುಂದೆ ನಿಂತ ಮೇಲಲ್ಲ.

೩

ಅಂತರಂಗದ ಜಯವೊಂದೇ ಸಾಲದೆಂಬ ವಿಚಾರವು ಕಾರವಾರದಲ್ಲಿ, ಕ್ರೈಸ್ತಗ್ರಂಥದ ಪ್ರಸ್ತಾಪವಿಲ್ಲದೆಯೇ, ಒಂದು ನಾಟಕದ ರೂಪವನ್ನು ತಾಳಿತು. ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ೧೮೮೩ರಲ್ಲಿ, ಅವರ ತಮ್ಮಂದಿರಾದ ರವೀಂದ್ರನಾಥರು ಅವರೊಡನೆ ಕೆಲವು ಕಾಲ ತಂಗಿದ್ದರು. ಆಗ ರವೀಂದ್ರರಿಗೆ ಇಪ್ಪತ್ತೆರಡು ವರ್ಷ. ಕಾರವಾರದ ಕಡಲತೀರವನ್ನೂ, ಬೆಳುದಿಂಗಳಲ್ಲಿ ಕಾಳಿನದಿಯ ಮೇಲೆ ಮಾಡಿದ ದೋಣಿಯ ವಿಹಾರವನ್ನೂ ಅವರು ‘ಜೀವನಸ್ಮೃತಿ’ಯಲ್ಲಿ ವರ್ಣಿಸಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’, ಅಂದರೆ ಪ್ರಕೃತಿಯ ಪ್ರತೀಕಾರ, ಎಂಬ ನಾಟಕವು ಅಲ್ಲಿ ರಚಿತವಾಗಿ ೧೮೮೪ರಲ್ಲಿ ಪ್ರಕಟವಾಯಿತು.

ನಾಟಕದ ನಾಯಕನು ಒಬ್ಬ ಸನ್ಯಾಸಿ. ರಾಗದ್ವೇಷಗಳನ್ನೆಲ್ಲ ಕಿತ್ತೊಗೆದೆನೆಂಬ ದೃಢವಿಶ್ವಾಸದಿಂದ ಅವನು ಗುಹೆಯಿಂದ ಹೊರಬೀಳುತ್ತಾನೆ. ಲೋಕವು ಬಹಿಷ್ಕರಿಸಿದ ರಘುವೆಂಬವನ ಮಗಳು, ಅನಾಥ ಬಾಲಿಕೆ, ಅವನ ಆಶ್ರಯಕ್ಕೆ ಬರುತ್ತಾಳೆ. ಊರಿನವರು ಅವಳ ಸ್ಪರ್ಶಕ್ಕೆ ಅಂಜುತ್ತಾರೆ; ಸನ್ಯಾಸಿ ಅಂಜುವುದಿಲ್ಲ. ಈ ಸನ್ನಿವೇಶದ ಸೂಕ್ಷ್ಮತೆಯು ವಿಮರ್ಶಕರ ವಿಶೇಷ ಲಕ್ಷ್ಯಕ್ಕೆ ಅರ್ಹವಾಗಿದೆ. ಅವನು ಅಂಜದಿರುವುದು ಅವಳು ತನ್ನವಳೆಂದಲ್ಲ. ಶುಚಿ-ಅಶುಚಿಗಳೂ, ಅವಳೂ, ಊರಿನವರೂ ತನಗೆ ಸಮಾನವಾಗಿ ಮಿಥ್ಯೆಯೆಂದು. ದ್ವೇಷವಿಲ್ಲದ ಈ ಸಮದೃಷ್ಟಿಯಲ್ಲಿ ಪ್ರೀತಿಯೂ ಇಲ್ಲ. ಕೋಪವನ್ನು ಗೆದ್ದವನಿಗೆ ಸಹೋದರನು ದೊರಕಲಿಲ್ಲ. ಸಹೋದರನೇ ಇಲ್ಲದೆಡೆಯಲ್ಲಿ ಕೋಪಕ್ಕೆ ಅವಕಾಶವಿಲ್ಲದಂತಾಯಿತು, ಅಷ್ಟೆ.

ಬಾಲಿಕೆಯ ಮೇಲೆ ವಾತ್ಸಲ್ಯವು ಅಂಕುರಿಸಿದಾಗ ಅದನ್ನು ಅವನು ಹೊಸ ಬಂಧನವೆಂದು ಭಾವಿಸಿ ಅವಳನ್ನು ತೊರೆದು ಓಡುತ್ತಾನೆ. ಬಳಿಕ ವ್ರತವನ್ನು ಮುರಿದು ಅವಳನ್ನು ಅರಸಿಕೊಂಡು ಬರುತ್ತಾನೆ. ಅಷ್ಟರಲ್ಲಿ ಅವಳು ತೀರಿಹೋಗಿದ್ದಾಳೆ. ಸೀಮಿತದಲ್ಲಿಯೇ ಅಸೀಮವನ್ನು ಪಡೆಯುವ ಆನಂದವು ತಮ್ಮ ಮುಂದಿನ ಕೃತಿಗಳೆಲ್ಲದರ ವಿಷಯವೆಂದೂ, ಈ ನಾಟಕವು ಅದರ ಪೀಠಿಕೆಯೆಂದೂ ಕವಿಯೇ ಅಭಿಪ್ರಾಯಪಟ್ಟಿದ್ದಾರೆ. ಆ ತತ್ತ್ವಕ್ಕಿಂತಲೂ ಬಾಲಿಕೆಯ ಮರಣವು ಹೆಚ್ಚು ಕಠೋರವಾದುದು. ಸನ್ಯಾಸಿಯ ಹೃದಯಪರಿವರ್ತನೆ ನಿಜವಾದದ್ದೇ. ಆದರೆ ಅದು ತಡವಾಯಿತು. ಅವನ ಅಂತರಂಗವು ನೇರವಾದ ಕ್ಷಣದಲ್ಲಿ ಒಂದಾಗುವುದಕ್ಕೆ ಎರಡನೆಯವರು ಉಳಿದಿರಲಿಲ್ಲ. ದಾರಿಯಲ್ಲಿರುವಾಗಲೇ ಸಂಧಾನವಾಗಬೇಕೆಂಬ ಮತ್ತಾಯನ ಉಪದೇಶಕ್ಕೆ ಇದಕ್ಕಿಂತ ಮರ್ಮಭೇದಕವಾದ ವ್ಯಾಖ್ಯಾನವು ದೊರೆಯುವುದು ಕಷ್ಟ.

೪

ಕಾರವಾರದ ನಾಟಕವು ಕೊರತೆಯನ್ನು ತೋರಿಸಿದರೆ, ನೆರೆಯ ಅಂಕೋಲೆಯ ಇತಿಹಾಸವು ಆ ಕೊರತೆಯನ್ನು ತುಂಬುವ ಪ್ರಯತ್ನದ ಕಷ್ಟವನ್ನು ತೋರಿಸುತ್ತದೆ. ಪರ್ವತಪ್ರಸಂಗಕ್ಕೂ ಅಂಕೋಲೆಗೂ ಇರುವ ಸಂಬಂಧವು ಗಾಂಧೀಜಿಯವರ ಮೂಲಕ ಬಂದುದು. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅದನ್ನು ಓದಿ, ಅದು ನೇರವಾಗಿ ಹೃದಯವನ್ನು ಹೊಕ್ಕಿತೆಂದೂ ಗೀತೆಯೊಡನೆ ಅದನ್ನು ಹೋಲಿಸಿ ನೋಡಿದೆನೆಂದೂ ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅಂಕೋಲೆಯ ಕೃಷಿಕರು ಮತ್ತಾಯನನ್ನು ಓದಿ ಸತ್ಯಾಗ್ರಹಕ್ಕೆ ಇಳಿದವರಲ್ಲ. ಆದರೆ ಕೋಪವನ್ನು ಬಿಟ್ಟು, ಎದುರಾಳಿಯನ್ನು ಬಿಡದೆ ಹೋರಾಡಬೇಕೆಂಬ ವಿಧಾನವು ಅವರಿಗೆ ಬಂದದ್ದು ಆ ಎರಡು ಗ್ರಂಥಗಳನ್ನು ಕೂಡಿಸಿ ಓದಿದವರಿಂದ.

೧೯೩೦ರ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯು ಮುರಿಯಲ್ಪಟ್ಟಿತು. ಕೃಷಿ ಉತ್ಪನ್ನಗಳ ಬೆಲೆಯು ಜಗತ್ತಿನಲ್ಲೆಲ್ಲ ಕುಸಿದಿದ್ದ ಆ ಕಾಲದಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆಯೂ ನಡೆಯಿತು. ಕಂದಾಯವನ್ನು ಕೊಡದವರ ಜಮೀನುಗಳೂ ಚರಸ್ವತ್ತುಗಳೂ ಜಪ್ತಿಯಾದುವು. ಲಿಲಾವಿನಲ್ಲಿ ಅವನ್ನು ಕೊಳ್ಳುವವರೂ ದೊರೆತರು. ಪ್ರಕೃತ ವಿಚಾರಕ್ಕೆ ಮುಖ್ಯವಾದುದು ಇಲ್ಲಿಂದ ಮುಂದಿನದು. ಸರಕಾರವು ದೂರದ್ದು, ಕೊಂಡವನು ಹತ್ತಿರದವನು. ಒಬ್ಬನ ಹೃದಯದಲ್ಲಿ ನೆರೆಯವನ ಹೊಲದ ಆಸೆ, ಇನ್ನೊಬ್ಬನ ಹೃದಯದಲ್ಲಿ ನೆಲವನ್ನು ಕಳೆದುಕೊಂಡ ಕೋಪ: ಅಧ್ಯಾಯದ ಎರಡು ದೋಷಗಳೂ ಇಲ್ಲಿ ಮುಖಾಮುಖಿಯಾಗಿ ನಿಂತವು. ಕಾರಣವಿಲ್ಲದ ಕೋಪವು ಇದಲ್ಲವೆಂದು ಯಾರೂ ಹೇಳಬಹುದು. ಪ್ರಾಚೀನ ಪಾಠವು ‘ನಿಷ್ಕಾರಣವಾಗಿ’ ಎಂಬ ಪದವನ್ನು ಬಿಟ್ಟಿರುವುದರ ಕಾಠಿನ್ಯವು ಇಂಥ ಸಂದರ್ಭದಲ್ಲಿಯೇ ಅನುಭವಕ್ಕೆ ಬರುವುದು.

೧೯೩೧ರ ಮಾರ್ಚ್ ೫ರ ಗಾಂಧೀ-ಇರ್ವಿನ್ ಒಪ್ಪಂದದಲ್ಲಿ, ಮೂರನೆಯವರಿಗೆ ಮಾರಾಟವಾಗಿಹೋದ ಸ್ಥಿರಸ್ವತ್ತಿನ ವ್ಯವಹಾರವು ಸರಕಾರದ ಮಟ್ಟಿಗೆ ಮುಗಿದುದೆಂದೇ ತಿಳಿಯಬೇಕೆಂಬ ನಿಬಂಧನೆಯು ಸೇರಿತ್ತು. ದೊರೆಗಳ ನಡುವೆ ಸಂಧಿಯಾಯಿತು. ನೆರೆಮನೆಗಳ ನಡುವೆ ಆಗಲಿಲ್ಲ. ಚಳವಳಿಯು ೧೯೩೨ರಲ್ಲಿ ಪುನಃ ಆರಂಭವಾದಾಗ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಸ್ತ್ರೀಯರು ಜಪ್ತಿಯಾದ ಸ್ವತ್ತನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಸುಟ್ಟು ತೆಗೆದುಕೊಳ್ಳುವ ದಾರಿಯೂ ಇತ್ತು, ಮೌನವಾಗಿ ಬಹಿಷ್ಕರಿಸುವ ದಾರಿಯೂ ಇತ್ತು. ಅವರು ಆರಿಸಿದ್ದು ಬಾಗಿಲಿಗೆ ಹೋಗುವ ದಾರಿಯನ್ನು. ಜಮೀನುಗಳು ಕಳೆದುಕೊಂಡವರ ಕೈಸೇರುವ ಏರ್ಪಾಡಾದುದು ಮುಂಬಯಿ ಪ್ರಾಂತದಲ್ಲಿ ೧೯೩೭ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದ ಮೇಲೆ.

೫

ಇಲ್ಲಿ ಎರಡು ಆಕ್ಷೇಪಗಳಿಗೆ ಅವಕಾಶವಿದೆ. ಮೊದಲನೆಯದು: ಐದನೆಯ ಅಧ್ಯಾಯದ ವಿಧಿಯಲ್ಲಿ ಹೋಗಬೇಕಾದವನು ಯಾರ ವಿರುದ್ಧ ಸಹೋದರನಿಗೆ ಮನಸ್ತಾಪವಿದೆಯೋ ಅವನು, ಅಂದರೆ ತಪ್ಪಿತಸ್ಥನು, ಮಾವಿನಗುಂಡಿಯಲ್ಲಿ ಹೋದವರು ಅನ್ಯಾಯಕ್ಕೊಳಗಾದ ಪಕ್ಷದವರು. ಇದು ನಿಜ. ಆದರೆ ಅದೇ ಸುವಾರ್ತೆಯ ಹದಿನೆಂಟನೆಯ ಅಧ್ಯಾಯವು ಅನ್ಯಾಯಕ್ಕೊಳಗಾದವನೇ ತಪ್ಪಿದವನ ಬಳಿಗೆ ಹೋಗಿ ಮಾತನಾಡಬೇಕೆಂದು ವಿಧಿಸುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ, ಮೊದಲು ಯಾರು ಹೋಗಬೇಕೆಂಬ ವಾದಕ್ಕೆ ಸುವಾರ್ತೆಯು ಎಡೆಗೊಟ್ಟಿಲ್ಲವೆಂದು ತಿಳಿಯುವುದು. ಇಬ್ಬರೂ ಹೊರಡಬೇಕು, ಆಗ ಭೇಟಿಯು ನಡುದಾರಿಯಲ್ಲಾಗುತ್ತದೆ.

ಎರಡನೆಯ ಆಕ್ಷೇಪವು ಹೆಚ್ಚು ಭಾರವಾದುದು. ಬಾಗಿಲಲ್ಲಿ ಉಪವಾಸ ಕುಳಿತವರ ಮುಂದೆ ಮನೆಯವನು ಮಣಿದರೆ, ಅದು ಒಂದಾಗುವಿಕೆಯೋ ಬಲಾತ್ಕಾರವೋ? ಗಾಂಧೀಜಿಯವರೇ ತಮ್ಮ ೧೯೩೯ರ ರಾಜಕೋಟೆಯ ಉಪವಾಸದಲ್ಲಿ ಹಿಂಸೆಯ ಲೇಪವಿತ್ತೆಂದು ಒಪ್ಪಿ, ಅದರಿಂದ ದೊರೆತ ತೀರ್ಪಿನ ಲಾಭವನ್ನು ತ್ಯಜಿಸಿದರು. ಆದುದರಿಂದ ಬಾಗಿಲಿಗೆ ಹೋಗುವುದೊಂದೇ ಸಾಲದು. ಹೋದವನ ಹೃದಯವು ಹೇಗಿದೆ ಎಂಬ ಪ್ರಶ್ನೆಯು ಪುನಃ ಏಳುತ್ತದೆ. ಇಂತು ಅಂತರಂಗದ ವಿಚಾರವು ಹೊರಗಿನ ಕಾರ್ಯವನ್ನು ಬೇಡುತ್ತದೆ. ಹೊರಗಿನ ಕಾರ್ಯವು ಅಂತರಂಗದ ಪರೀಕ್ಷೆಯನ್ನು ಬೇಡುತ್ತದೆ. ಮತ್ತಾಯನ ಅಧ್ಯಾಯದಲ್ಲಿ ಕೋಪದ ನಿಷೇಧವೂ ಸಂಧಾನದ ವಿಧಿಯೂ ಒಂದರ ಬೆನ್ನಿಗೊಂದು ಬಂದಿರುವುದು ಆಕಸ್ಮಿಕವೆಂದು ಎಣಿಸತಕ್ಕದ್ದಲ್ಲ.

ಕಾರವಾರದ ಸನ್ಯಾಸಿಯು ಒಳಗೆ ಗೆದ್ದು ಹೊರಗೆ ತಡಮಾಡಿದನು. ಅಂಕೋಲೆ, ಸಿದ್ದಾಪುರಗಳವರು ಹೊರಗೆ ಹೊರಟು, ಒಳಗಿನ ಕೋಪದೊಡನೆ ದಾರಿಯುದ್ದಕ್ಕೂ ಹೋರಾಡಬೇಕಾಯಿತು. ಎರಡರಲ್ಲಿ ಯಾವುದು ಬೋಧೆಗೆ ಸಮೀಪವೆಂದರೆ ಎರಡನೆಯದೇ. ಕಾಮಕ್ರೋಧಗಳ ಜಯವನ್ನು ಸಾರುವ ಕನ್ನಡದ ಪರಂಪರೆಗೆ ಈ ಸುವಾರ್ತೆಯಿಂದ ಹೊಸದಾಗಿ ಕಲಿಯಬೇಕಾದುದು ಶುದ್ಧಿಯ ಅಗತ್ಯವನ್ನಲ್ಲ; ಅದನ್ನು ಆ ಪರಂಪರೆಯು ಚೆನ್ನಾಗಿ ಬಲ್ಲುದು. ನೆರೆಯವನ ಹೊಲವನ್ನು ಕೈಯಲ್ಲಿಟ್ಟುಕೊಂಡೇ ಹೃದಯವನ್ನು ಶುದ್ಧಗೊಳಿಸಿಕೊಳ್ಳಬಹುದೆಂದು ನಂಬಿದವನಿಗೆ ಆ ಸುವಾರ್ತೆಯು ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಹಿಂದಿರುಗಿ ಹೋಗುವ ದಾರಿಯನ್ನು ತೋರಿಸುತ್ತದೆ. ಆ ದಾರಿಯು ದೀರ್ಘವಾದುದು, ಕಾಲಾವಕಾಶವು ಅಲ್ಪ.