ಖಾಲಿ ಲಾರಿಯ ಲೆಕ್ಕ ಎಲ್ಲಿದೆ?

ನೀವು ಬೀದರ್ ಜಿಲ್ಲೆಯವರಾಗಿದ್ದರೆ ಹುಮನಾಬಾದಿನ ಕೂಡುರಸ್ತೆಯನ್ನು ನೋಡಿಯೇ ಇರುತ್ತೀರಿ. ಪುಣೆ, ಸೊಲ್ಲಾಪುರಗಳಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 (ಹಿಂದಿನ ಹೆದ್ದಾರಿ 9) ಮತ್ತು ಬೀದರಿನಿಂದ ಕಲಬುರಗಿಗೆ ಹೋಗುವ ಹೆದ್ದಾರಿ 50 ಇಲ್ಲಿ ಸಂಧಿಸುತ್ತವೆ. ಇದೇ 65ರಲ್ಲಿ ಪಶ್ಚಿಮಕ್ಕೆ ಹೋದರೆ ಬಸವಕಲ್ಯಾಣ. ಅಲ್ಲಿನ ಆಟೋ ನಗರವೂ ಲಾರಿ ಮಾಲೀಕರೂ ಈ ಭಾಗದಲ್ಲೆಲ್ಲ ಪರಿಚಿತರು. ಈ ರಸ್ತೆಯ ಪಕ್ಕದಲ್ಲಿ ಹತ್ತು ನಿಮಿಷ ನಿಂತು ನೋಡಿ. ಕೆಲವು ಲಾರಿಗಳ ಮೇಲೆ ತಾಡಪತ್ರಿ ಬಿಗಿದು ಕಟ್ಟಿರುತ್ತದೆ. ಇನ್ನು ಕೆಲವು ಸದ್ದು ಮಾಡುತ್ತ ಖಾಲಿ ಓಡುತ್ತವೆ. ಈ ಖಾಲಿ ಲಾರಿಗಳೇ ನಮ್ಮ ಇಂದಿನ ವಿಷಯ.

'ಹಸಿರು ಲಾಜಿಸ್ಟಿಕ್ಸ್' ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಕೇಂದ್ರ ಸರ್ಕಾರವು 'ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ'ಯನ್ನು 2022ರ ಸೆಪ್ಟೆಂಬರ್ 17ರಂದು ಪ್ರಕಟಿಸಿತು. ನಮ್ಮ ಭಾಗದಲ್ಲಿ ಅದು ಕಲ್ಯಾಣ ಕರ್ನಾಟಕ ಉತ್ಸವದ ದಿನ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮುದ್ದಲಿಂಗನಹಳ್ಳಿಯಲ್ಲಿ 400 ಎಕರೆಯಲ್ಲಿ, ಸುಮಾರು 1,770 ಕೋಟಿ ರೂಪಾಯಿ ಅಂದಾಜು ವೆಚ್ಚದಲ್ಲಿ, ರೈಲು ಮತ್ತು ರಸ್ತೆ ಎರಡನ್ನೂ ಜೋಡಿಸುವ ಲಾಜಿಸ್ಟಿಕ್ಸ್ ಪಾರ್ಕ್ ಯೋಜನೆ ಕೈಗೆತ್ತಿಕೊಳ್ಳಲಾಗಿದೆ. ಇಂಥ ಕೇಂದ್ರಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಹಸಿರಾಗಿವೆಯೇ ಎಂದು ತಿಳಿಯುವುದು ಹೇಗೆ?

ಗುರಿಗಳು ಯಾವ ಮಾನದಲ್ಲಿವೆ?

ನೀತಿಯ ಮುನ್ನೋಟದಲ್ಲಿ 'ಸುಸ್ಥಿರ' ಎಂಬ ಪದ ಇದೆ. ಆದರೆ ಅದು ಮುಂದಿಟ್ಟ ಗುರಿಗಳು ಮೂರು. ಒಂದು, 2030ರೊಳಗೆ ಸಾಗಣೆ ವೆಚ್ಚವನ್ನು ಜಾಗತಿಕ ಮಟ್ಟಕ್ಕೆ ಇಳಿಸುವುದು. ಎರಡು, ವಿಶ್ವಬ್ಯಾಂಕಿನ ಲಾಜಿಸ್ಟಿಕ್ಸ್ ಸೂಚ್ಯಂಕದಲ್ಲಿ ಮೊದಲ 25 ದೇಶಗಳ ಸಾಲಿಗೆ ಸೇರುವುದು (2023ರಲ್ಲಿ ಭಾರತದ ಸ್ಥಾನ 38). ಮೂರು, ದತ್ತಾಂಶ ಆಧರಿಸಿ ನಿರ್ಧಾರ ಕೈಗೊಳ್ಳುವ ವ್ಯವಸ್ಥೆ. ಮೊದಲನೆಯದರ ಮಾನ ರೂಪಾಯಿ, ಎರಡನೆಯದರದು ಶ್ರೇಯಾಂಕ. ಜೂಲ್, ಲೀಟರ್, ಕಿಲೋಗ್ರಾಂ ಇವುಗಳಲ್ಲಿ ಹೇಳಿದ ಗುರಿ ಒಂದೂ ಇಲ್ಲ. ನನ್ನ ಆಕ್ಷೇಪ ಇಷ್ಟೆ: ಅಳೆಯಲು ಮಾನವನ್ನೇ ಗೊತ್ತುಮಾಡದ ಗುಣವನ್ನು ಸಾಧಿಸಿದೆವೆಂದು ಹೇಳುವುದು ಹೇಗೆ?

ಅಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೇ ಕ್ಷೇತ್ರದಲ್ಲಿದೆ. ನಮ್ಮ ಸಾಗಣೆ ವೆಚ್ಚ ಒಟ್ಟು ದೇಶೀಯ ಉತ್ಪನ್ನದ ಶೇ. 13–14 ಎಂದು ವರ್ಷಗಟ್ಟಲೆ ಭಾಷಣಗಳಲ್ಲಿ ಹೇಳಲಾಯಿತು. ಎನ್‌ಸಿಎಇಆರ್ ಸಂಸ್ಥೆ ವ್ಯವಸ್ಥಿತವಾಗಿ ಲೆಕ್ಕ ಹಾಕಿ 2023ರ ಡಿಸೆಂಬರಿನಲ್ಲಿ ವರದಿ ಕೊಟ್ಟಾಗ, 2021–22ನೇ ಸಾಲಿಗೆ ಬಂದ ಉತ್ತರ ಶೇ. 7.8ರಿಂದ 8.9! ರೂಪಾಯಿಯ ಲೆಕ್ಕದಲ್ಲೇ ಇಷ್ಟು ಅಂತರವಿದ್ದರೆ, ಹೊಗೆಯ ಲೆಕ್ಕದ ಗತಿ ಏನು?

ಒಂದು ಲಾರಿ, ನೂರು ಕಿಲೋಮೀಟರ್

ಪಿಯುಸಿ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕೋಣ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿರುವ, ಹೇರು ಸೇರಿ 28 ಟನ್ ತೂಗುವ ಹತ್ತು ಚಕ್ರದ ಲಾರಿಯನ್ನು ತೆಗೆದುಕೊಳ್ಳಿ. ಟೈರಿನ ಉರುಳು ಘರ್ಷಣೆಯ ಗುಣಾಂಕ 0.008 ಎಂದಿಟ್ಟುಕೊಂಡರೆ, ರಸ್ತೆಯ ಪ್ರತಿರೋಧ 28,000 × 9.8 × 0.008, ಅಂದರೆ ಸುಮಾರು 2,200 ನ್ಯೂಟನ್. ಈ ವೇಗದಲ್ಲಿ ಗಾಳಿಯ ಪ್ರತಿರೋಧ ಸುಮಾರು 930 ನ್ಯೂಟನ್. ಎರಡೂ ಸೇರಿ 3,130 ನ್ಯೂಟನ್. ನೂರು ಕಿ.ಮೀ. ದೂರಕ್ಕೆ ಮಾಡಬೇಕಾದ ಕಾರ್ಯ 313 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದೆ. ಎಂಜಿನ್ ದಕ್ಷತೆ ಶೇ. 36 ಎಂದರೆ ಬೇಕಾಗುವ ಡೀಸೆಲ್ ಸುಮಾರು 24 ಲೀಟರ್. ಲೀಟರಿಗೆ ನಾಲ್ಕು ಕಿಲೋಮೀಟರ್ ಚಿಲ್ಲರೆ! ಯಾವುದೇ ಚಾಲಕರನ್ನು ಕೇಳಿ ನೋಡಿ, ನಮ್ಮ ಸರಳ ಮಾದರಿ ವಾಸ್ತವದಿಂದ ಬಹಳ ದೂರವಿಲ್ಲ ಎಂಬುದು ತಿಳಿಯುತ್ತದೆ.

ಈಗ ಹೇರು ಇಳಿಸಿಬಿಡಿ. ಖಾಲಿ ಲಾರಿಯ ತೂಕ 9.5 ಟನ್. ರಸ್ತೆಯ ಪ್ರತಿರೋಧ 745 ನ್ಯೂಟನ್‌ಗೆ ಇಳಿಯಿತು. ಆದರೆ ಗಾಳಿಗೆ ಲಾರಿ ಖಾಲಿಯೋ ತುಂಬಿದೆಯೋ ಗೊತ್ತಾಗುವುದಿಲ್ಲ. ಅದರ ಪ್ರತಿರೋಧ ಹಾಗೆಯೇ ಉಳಿಯಿತು. ಫಲವಾಗಿ ಡೀಸೆಲ್ ಸುಮಾರು 13 ಲೀಟರ್. ಏನನ್ನೂ ಸಾಗಿಸದೆ ಅರ್ಧಕ್ಕಿಂತ ಹೆಚ್ಚು ಇಂಧನ ಖರ್ಚಾಯಿತು.

ಒಂದು ಲೀಟರ್ ಡೀಸೆಲ್ ಉರಿದರೆ 2.68 ಕಿ.ಗ್ರಾಂ. ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಸಾಗಿಸಿದ ಸರಕು 18.5 ಟನ್. ಹೋಗುವಾಗಲೂ ಬರುವಾಗಲೂ ಹೇರು ಇದ್ದರೆ ಪ್ರತಿ ಟನ್-ಕಿಲೋಮೀಟರಿಗೆ 35 ಗ್ರಾಂ. ಖಾಲಿ ಮರಳಿದರೆ 54 ಗ್ರಾಂ. ಲಾರಿ ಅದೇ, ರಸ್ತೆ ಅದೇ, ಚಾಲಕ ಅವನೇ.

ಸೌರಫಲಕ ಮತ್ತು ಕಾಯುವ ಲಾರಿ

ಹಸಿರು ಕೇಂದ್ರವೆಂದರೆ ಕರಪತ್ರಗಳಲ್ಲಿ ಮೊದಲು ಕಾಣುವುದು ಗೋದಾಮಿನ ಮೇಲಿನ ಸೌರಫಲಕ. ಅದರ ಲೆಕ್ಕವನ್ನೂ ನೋಡೋಣ. 1,000 ಚದರ ಮೀಟರ್ ಚಾವಣಿಯ ಮೇಲೆ ಸುಮಾರು 100 ಕಿಲೋವಾಟ್ ಫಲಕಗಳನ್ನು ಕೂರಿಸಬಹುದು. ವರ್ಷಕ್ಕೆ ಸುಮಾರು 1.46 ಲಕ್ಷ ಯೂನಿಟ್ ವಿದ್ಯುತ್ ಸಿಗುತ್ತದೆ. ನಮ್ಮ ಜಾಲದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಕಲ್ಲಿದ್ದಲಿನದು; ಯೂನಿಟ್ಟಿಗೆ ಸುಮಾರು 0.7 ಕಿ.ಗ್ರಾಂ. ಕಾರ್ಬನ್ ಡೈಆಕ್ಸೈಡ್. ಹಾಗಾಗಿ ಚಾವಣಿಯ ಉಳಿತಾಯ ವರ್ಷಕ್ಕೆ ಸುಮಾರು 100 ಟನ್. ಒಳ್ಳೆಯದೇ.

ಈಗ ಅದೇ ಕೇಂದ್ರಕ್ಕೆ ದಿನಕ್ಕೆ 200 ಲಾರಿಗಳು ಬರುತ್ತವೆ ಎಂದುಕೊಳ್ಳಿ (ಇದು ಲೆಕ್ಕಕ್ಕಾಗಿ ಮಾಡಿದ ಊಹೆ). ಪ್ರತಿಯೊಂದೂ 100 ಕಿ.ಮೀ. ಖಾಲಿ ಓಡಿದರೆ, 300 ದಿನಗಳಲ್ಲಿ ಬರುವ ಹೊಗೆ ಸುಮಾರು 2,100 ಟನ್, ಅಂದರೆ 21 ಚಾವಣಿಗಳ ಉಳಿತಾಯಕ್ಕೆ ಸಮ! ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟು ಒಂದೊಂದು ಗಂಟೆ ಕಾದರೆ, ಗಂಟೆಗೆ 2 ಲೀಟರಿನಂತೆ ಇನ್ನೂ 320 ಟನ್. ಅದು ಮೂರು ಚಾವಣಿ. ಖಾಲಿ ಓಟದಲ್ಲಿ ಕಾಲು ಭಾಗ ತಪ್ಪಿಸಿದರೆ ಐದು ಚಾವಣಿ ಗಳಿಸಿದಂತೆ. ಸೌರಫಲಕ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಕಣ್ಣಿಗೆ ಕಾಣುವುದರಿಂದ ಫೋಟೋದಲ್ಲಿ ಬರುತ್ತದೆ. ಮರಳು ಹೇರು ಸಿಕ್ಕ ಲಾರಿ ಬರುವುದಿಲ್ಲ.

ರೈಲು ಬಂದರೆ ಸಾಕೆ?

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರದ ಉರುಳು ಘರ್ಷಣೆಯ ಗುಣಾಂಕ 0.001ರಿಂದ 0.002, ಟೈರಿನದಕ್ಕಿಂತ ನಾಲ್ಕರಿಂದ ಎಂಟು ಪಟ್ಟು ಕಡಿಮೆ. ಬೀದರ್–ಕಲಬುರಗಿ ರೈಲು ಮಾರ್ಗ ಹುಮನಾಬಾದಿನ ಮೂಲಕವೇ ಹೋಗುತ್ತದೆ. 1990ರ ದಶಕದಲ್ಲಿ ಮಂಜೂರಾದ ಈ ಸುಮಾರು 110 ಕಿ.ಮೀ. ಮಾರ್ಗ ಪೂರ್ಣವಾಗಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಹಾಗಾದರೆ ಸರಕೆಲ್ಲ ರೈಲಿಗೆ ಹೋಗಬೇಕಲ್ಲವೇ?

ಇಲ್ಲಿ ಗೋರ್ಟಾ (ಬಿ) ಗ್ರಾಮವನ್ನು ನೆನೆಯೋಣ. 1948ರ ದುರಂತದಿಂದ ಇತಿಹಾಸದಲ್ಲಿ ಹೆಸರು ಉಳಿದಿರುವ, ಬಸವಕಲ್ಯಾಣ ಭಾಗದ ಊರು ಇದು. ಇಂಥ ಊರಿನ ರೈತನ ಬಳಿ ಮಾರಲು ಇರುವುದು ಇಪ್ಪತ್ತು ಕ್ವಿಂಟಾಲ್ ತೊಗರಿಯೋ ಸೋಯಾಬೀನೋ. ಸರಕು ರೈಲಿನ ಒಂದು ರೇಕ್‌ಗೆ ಬೇಕಾದದ್ದು ಸುಮಾರು 2,500 ಟನ್. ಅಂದರೆ ನಮ್ಮ ಲಾರಿಯಂಥ 135 ಲಾರಿಗಳ ಹೇರು, ಇಂಥ 1,250 ರೈತರ ಫಸಲು. ಈ ಚೂರುಗಳನ್ನು ಒಟ್ಟುಗೂಡಿಸುವುದೇ ಸಾಗಣೆ ಕೇಂದ್ರದ ನಿಜವಾದ ಕೆಲಸ. ಅದು ನಡೆಯದಿದ್ದರೆ ಹಳಿ ಪಕ್ಕದಲ್ಲಿದ್ದರೂ ಗೋರ್ಟಾದ ತೊಗರಿ ಟೆಂಪೊ ಹತ್ತಿ, ಅಡತ್ ಅಂಗಡಿಯಲ್ಲಿ ಇಳಿದು, ಲಾರಿಯಲ್ಲೇ ದೂರದೂರಿಗೆ ಹೋಗುತ್ತದೆ.

ದೂರವನ್ನೂ ಗಮನಿಸಬೇಕು. ಹೈದರಾಬಾದು ಹುಮನಾಬಾದಿನಿಂದ ಸುಮಾರು 150 ಕಿ.ಮೀ. ಇಷ್ಟಕ್ಕೆ ಎರಡು ಬಾರಿ ಹೇರಿ ಎರಡು ಬಾರಿ ಇಳಿಸುವುದು ಲಾಭವಲ್ಲ, ಲಾರಿಯೇ ಸರಿ. ರೈಲಿನ ಲಾಭ ಹೆಚ್ಚು ದೂರಕ್ಕೆ. ಸ್ವಾರಸ್ಯವೆಂದರೆ, ಹೇರಿಳಿಸಲು ಬೇಕಾದ ಶಕ್ತಿ ಅತ್ಯಲ್ಪ. 18.5 ಟನ್ನನ್ನು ಒಂದೂವರೆ ಮೀಟರ್ ಎತ್ತಲು 272 ಕಿಲೋಜೂಲ್. ಎಂಟು ಮಿಲಿಲೀಟರ್ ಡೀಸೆಲ್‌ನಲ್ಲಿ ಅಷ್ಟು ಶಕ್ತಿ ಇದೆ. ನಷ್ಟವಾಗುವುದು ಸಮಯ, ಹರಿದ ಚೀಲ ಮತ್ತು ಹಮಾಲರ ಬೆನ್ನು. ಅವರ ಬೆನ್ನು ಉಳಿಸುವ ಕನ್ವೇಯರ್ ಬೆಲ್ಟೂ ಸುಸ್ಥಿರತೆಯ ಭಾಗವೇ.

ನೀವೇ ಅಳೆಯಿರಿ

ಪ್ರತಿ ಸಾಗಣೆ ಕೇಂದ್ರವೂ ವರ್ಷಕ್ಕೊಮ್ಮೆ ಮೂರು ಸಂಖ್ಯೆಗಳನ್ನು ಪ್ರಕಟಿಸಬೇಕು: ಟನ್-ಕಿಲೋಮೀಟರಿಗೆ ಎಷ್ಟು ಡೀಸೆಲ್, ಖಾಲಿ ಬಂದ ಮತ್ತು ಖಾಲಿ ಹೋದ ಲಾರಿಗಳು ಶೇಕಡ ಎಷ್ಟು, ಒಂದು ಲಾರಿ ಸರಾಸರಿ ಎಷ್ಟು ಹೊತ್ತು ಕಾಯಿತು. ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯವಾಗಿದೆ. ಸರಕಿಗೆ ಇ-ವೇ ಬಿಲ್ ಇದೆ. ದತ್ತಾಂಶದ ಕೊರತೆ ಎಂಬ ನೆಪ ಈಗ ನಿಲ್ಲುವುದಿಲ್ಲ.

ಅಲ್ಲಿಯವರೆಗೆ ಶಿಕ್ಷಕರು ಒಂದು ಕೆಲಸ ಮಾಡಬಹುದು. ಹೆದ್ದಾರಿಯಿಂದ ಸುರಕ್ಷಿತ ದೂರದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ, ಒಂದು ಗಂಟೆ ಕಾಲ ಎರಡೂ ದಿಕ್ಕಿನ ಲಾರಿಗಳನ್ನು ತುಂಬಿದವು, ಖಾಲಿ, ತಿಳಿಯದವು ಎಂದು ಮೂರು ಕಲಮುಗಳಲ್ಲಿ ಗುರುತು ಹಾಕಿಸಿ. ಮುಚ್ಚಿದ ಕಂಟೈನರ್‌ಗಳೆಲ್ಲ ಮೂರನೆಯ ಕಲಮಿಗೆ. ಸುಗ್ಗಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಎಣಿಸಿ. ಖಾಲಿ ಲಾರಿಗಳ ಸಂಖ್ಯೆಯನ್ನು ಕಿಲೋಮೀಟರಿಗೆ 0.13 ಲೀಟರಿನಿಂದ ಗುಣಿಸಿ. ಬರುವ ಉತ್ತರ ಸ್ಥೂಲವಾದದ್ದೇ. ಆದರೂ ನಾಳೆ ನಿಮ್ಮ ಊರಿಗೆ ಹಸಿರು ಸಾಗಣೆ ಕೇಂದ್ರ ಬರುತ್ತದೆ ಎಂದು ಯಾರಾದರೂ ಹೇಳಿದಾಗ, ಕೇಳಲು ನಿಮ್ಮ ಕೈಯಲ್ಲಿ ಒಂದು ಸಂಖ್ಯೆ ಇರುತ್ತದೆ.