ಆಕ್ಸೋ ಉಪಕರಣಗಳ ಕರ್ತೃತ್ವ: ಒಂದು ವಿಮರ್ಶೆ

ದಿನಬಳಕೆಯ ವಸ್ತುಗಳಿಗೂ ಚರಿತ್ರೆಯುಂಟು. ಆದರೆ ಅದನ್ನು ಬಹುಮಟ್ಟಿಗೆ ಬರೆಯಿಸಿದವರು ಆ ವಸ್ತುಗಳನ್ನು ಮಾರಿದವರೇ. ಶಾಸನವೊಂದನ್ನು ಓದುವಾಗ ಅದನ್ನು ಹಾಕಿಸಿದವರಾರೆಂದು ಮೊದಲು ವಿಚಾರಿಸುವ ನಾವು ಇಂತಹ ಕಥನಗಳನ್ನು ಮಾತ್ರ ಪರೀಕ್ಷಿಸದೆ ಸ್ವೀಕರಿಸುತ್ತೇವೆ. ಅಮೆರಿಕದ ಆಕ್ಸೋ ಸಂಸ್ಥೆಯ ಅಡುಗೆಮನೆಯ ಉಪಕರಣಗಳ ಉಗಮವನ್ನು ಕುರಿತ ಪ್ರಸಿದ್ಧ ಕಥೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕಥೆ ಹೀಗಿದೆ. 1960ರಲ್ಲಿ ಕಾಪ್ಕೋ ಎಂಬ ಪಾತ್ರೆಗಳ ಉದ್ಯಮವನ್ನು ಸ್ಥಾಪಿಸಿ, ಮುಂದೆ ನಿವೃತ್ತರಾಗಿದ್ದ ಸ್ಯಾಮ್ ಫಾರ್ಬರರು ಪತ್ನಿ ಬೆಟ್ಸಿಯವರೊಡನೆ ದಕ್ಷಿಣ ಫ್ರಾನ್ಸಿನಲ್ಲಿ ತಂಗಿದ್ದರು. ಸಂಧಿವಾತದಿಂದ ಕೈ ನೋಯುತ್ತಿದ್ದ ಪತ್ನಿಗೆ ಸೇಬಿನ ಸಿಪ್ಪೆ ಹೆರೆಯುವ ಸಾಧನವನ್ನು ಹಿಡಿಯುವುದು ಕಷ್ಟವಾಯಿತು. ಅದನ್ನು ಕಂಡು ಮರುಗಿದ ಪತಿಯು ನ್ಯೂಯಾರ್ಕಿನ ಸ್ಮಾರ್ಟ್ ಡಿಸೈನ್ ಸಂಸ್ಥೆಯ ನೆರವಿನಿಂದ 1990ರಲ್ಲಿ ‘ಗುಡ್ ಗ್ರಿಪ್ಸ್’ ಉಪಕರಣಗಳನ್ನು ಮಾರುಕಟ್ಟೆಗೆ ತಂದರು.

ಉಪಕರಣಗಳ ಗುಣದ ವಿಷಯದಲ್ಲಿ ವಿವಾದವಿಲ್ಲ. ಹಳೆಯ ಸಾಧನದ ತೆಳುವಾದ ಲೋಹದ ಹಿಡಿಯನ್ನು ಬಿಗಿಯಾಗಿ ಅದುಮಬೇಕಾಗಿತ್ತು. ನೋವು ಹುಟ್ಟುತ್ತಿದ್ದುದು ಅಲ್ಲಿಯೇ. ಹೊಸ ಹಿಡಿ ದಪ್ಪನಾಗಿರುವುದರಿಂದ ಅಷ್ಟು ಬಲ ಬೇಕಾಗಲಿಲ್ಲ. ಅಂಡಾಕಾರವಾಗಿರುವುದರಿಂದ ಕೈಯೊಳಗೆ ತಿರುಗಲಿಲ್ಲ. ರಬ್ಬರಿನಂತಹ ಮೆತ್ತನೆಯ ವಸ್ತುವಿನದಾದ್ದರಿಂದ ಒದ್ದೆಯಾದರೂ ಜಾರಲಿಲ್ಲ. ಬೆರಳೂರುವ ಸ್ಥಳದಲ್ಲಿ ಬಾಗುವ ಸಣ್ಣ ಏಣುಗಳನ್ನೂ ಇಟ್ಟರು. ನೋಯುವ ಕೈಗೆ ಒಗ್ಗಿದ ಈ ಹಿಡಿ ನೋವಿಲ್ಲದ ಕೈಗಳಿಗೂ ಹಿತವಾಗಿ, ಎಲ್ಲ ಬಗೆಯ ಜನರೂ ಅದನ್ನು ಕೊಂಡರು.

ವಿವಾದವಿರುವುದು ಕರ್ತೃತ್ವದಲ್ಲಿ. ಸ್ವತಃ ಅಂಗವಿಕಲರಾಗಿದ್ದು ವಿನ್ಯಾಸಕ್ಷೇತ್ರದಲ್ಲಿ ಅಂಗವಿಕಲರ ಸ್ಥಾನಕ್ಕಾಗಿ ವಾದಿಸುತ್ತ ಬಂದಿರುವ ಲಿಜ್ ಜಾಕ್ಸನ್ ಅವರು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಲೇಖನವೊಂದರಲ್ಲಿ ಬೆಟ್ಸಿಯವರ ಸಾಕ್ಷ್ಯವನ್ನೇ ಮುಂದಿಟ್ಟರು. ಬೆಟ್ಸಿಯವರು ವಾಸ್ತುಶಿಲ್ಪದಲ್ಲಿ ಶಿಕ್ಷಣ ಪಡೆದವರು. ಕೈಗೆ ಹಿತವಾಗುವ ಉಪಕರಣದ ಮೂಲ ಕಲ್ಪನೆ ತಮ್ಮದೆಂದೂ, ಆದರೆ ಚರಿತ್ರೆಯಲ್ಲಿ ತಾವು ಉಳಿಯುವುದು ಸಂಧಿವಾತದ ರೋಗಿಯಾಗಿ ಮಾತ್ರವೆಂದೂ ಅವರು ಹೇಳಿಕೊಂಡಿದ್ದರು.

ಇದು ಆಸಕ್ತ ವ್ಯಕ್ತಿಯ ತಡವಾದ ಹೇಳಿಕೆಯೆಂದು ಆಕ್ಷೇಪಿಸಬಹುದು. ಪ್ರಚಲಿತ ಕಥೆಯೂ ಆಸಕ್ತರದೇ ಅಲ್ಲವೆ? ಎರಡಕ್ಕೂ ಒಂದೇ ಅಳತೆಗೋಲು ಸಲ್ಲಬೇಕು. ವಸ್ತುವಿನ ಸಾಕ್ಷ್ಯವನ್ನೂ ಗಮನಿಸೋಣ. ಹಿಡಿ ಎಲ್ಲಿ ಒತ್ತುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ನೋಯುವ ಕೈಯಲ್ಲದೆ ಬೇರಾವುದು ನಿರ್ಣಯಿಸಬಲ್ಲುದು? ಆ ಕೈ ವಿನ್ಯಾಸವನ್ನರಿತವರದಾಗಿದ್ದಾಗ, ಅವರನ್ನು ಬರಿಯ ನಿಮಿತ್ತವೆನ್ನುವುದು ಯುಕ್ತವಲ್ಲ. ಬಂಡವಾಳ ಹೂಡಿದ ಸ್ಯಾಮ್ ಅವರ ಸಾಹಸವನ್ನಾಗಲಿ ವಿನ್ಯಾಸಕಾರರ ಪರಿಶ್ರಮವನ್ನಾಗಲಿ ನಾವು ಅಲ್ಲಗಳೆಯುವುದಿಲ್ಲ. ಬೆಟ್ಸಿಯವರಿಗೆ ಸಹಕರ್ತೃತ್ವ ಸಲ್ಲಬೇಕೆಂಬುದಷ್ಟೇ ನಮ್ಮ ವಾದ.

ರಾನ್ ಮೇಸ್ (1941–1998) ಅವರೊಡನೆ ಹೋಲಿಸಿದರೆ ಈ ಮರೆವಿನ ಕಾರಣ ಸ್ಪಷ್ಟವಾಗುತ್ತದೆ. ಬಾಲ್ಯದಲ್ಲಿ ಪೋಲಿಯೋಗೆ ತುತ್ತಾಗಿ ಗಾಲಿಕುರ್ಚಿಯನ್ನು ಅವಲಂಬಿಸಿದ್ದ ಈ ವಾಸ್ತುಶಿಲ್ಪಿ ‘ಸಾರ್ವತ್ರಿಕ ವಿನ್ಯಾಸ’ ಎಂಬ ಪರಿಭಾಷೆಯ ಪ್ರವರ್ತಕರೆಂದು ಮಾನ್ಯರಾಗಿದ್ದಾರೆ. ಮೇಸ್ ತಮ್ಮ ವೃತ್ತಿಯ ಹೆಸರಿನಲ್ಲಿ ಮಾತನಾಡಿದರು; ಬೆಟ್ಸಿಯವರನ್ನು ಕಥೆಯು ಅಡುಗೆಮನೆಯಲ್ಲಿ ಪತ್ನಿಯಾಗಿ ನಿಲ್ಲಿಸಿತು. ಅಲ್ಲಿ ಅವರ ವೃತ್ತಿಶಿಕ್ಷಣ ಕಾಣಲಿಲ್ಲ, ಬೇನೆ ಮಾತ್ರ ಕಂಡಿತು.

ಇದು ಪರದೇಶದ ಒಂದು ಮನೆತನದ ಸಂಗತಿಯೆಂದು ಕಡೆಗಣಿಸುವಂತಿಲ್ಲ. ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವೂ ಸಾರ್ವತ್ರಿಕ ವಿನ್ಯಾಸವನ್ನು ನಿರೂಪಿಸಿದೆ. ಇನ್ನು ಮುಂದೆ ಇಲ್ಲಿ ವಸ್ತುಗಳನ್ನು ರೂಪಿಸುವವರು ಪ್ರಚಲಿತ ಕಥೆಯನ್ನೇ ಪಾಠವಾಗಿ ಓದಿದರೆ, ಅಂಗವಿಕಲರ ಕಷ್ಟವನ್ನು ಕೇಳಿ ತಿಳಿದು, ನಿರ್ಧಾರಗಳನ್ನು ಮಾತ್ರ ತಾವೇ ಮಾಡಿಕೊಳ್ಳುವರು. ಆದಕಾರಣ ವಿನ್ಯಾಸದ ಪಠ್ಯಗಳಲ್ಲಿ ಈ ಕಥೆ ಬರುವಾಗ ಬೆಟ್ಸಿ ಫಾರ್ಬರರ ಹೆಸರು ಕರ್ತೃಗಳ ಸಾಲಿನಲ್ಲಿ ಬರಬೇಕೆಂದು ನಾವು ಸೂಚಿಸುತ್ತೇವೆ.